ಸ್ಕೈ, ವರ್ಜಿನ್ ಚಂದಾ ಇಲ್ಲದೆ ಬ್ರಿಟನ್ನಿನಲ್ಲಿ ‘24 ಅವರ್ಸ್ ಇನ್ ಎ ಅಂಡ್ ಇ’ ನೋಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮ ಕಡೆಯ ನರ್ಸುಗಳಿಗೆ, ಡಾಕ್ಟರುಗಳಿಗೆ, ಅವರ ಮನೆಗೆ ಆರು ತಿಂಗಳ ವೀಸಾದಲ್ಲಿ ಬಂದು ಹೋಗುವ ಅಪ್ಪ-ಅಮ್ಮಂದಿರಿಗೆ ನಾನು ತಪ್ಪದೆ ನೋಡಿ ಎಂದು ಹೇಳುವ ಒಂದು ಟಿವಿ ಕಾರ್ಯಕ್ರಮವಿದೆ. ಚಾನೆಲ್ 4ರ ‘24 ಅವರ್ಸ್ ಇನ್ ಎ ಅಂಡ್ ಇ’. ನಾವು ಊರಲ್ಲಿ ಕ್ಯಾಶುಯಾಲ್ಟಿ ಎನ್ನುತ್ತೇವಲ್ಲ, ಆ ವಿಭಾಗದ ಒಂದು ಹಗಲು, ಒಂದು ರಾತ್ರಿ ಇದರ ವಸ್ತು. ನಟರಿಲ್ಲ, ಕಥೆ ಬರೆದವರಿಲ್ಲ. ರೋಗಿಗಳೂ ನಿಜ, ಡಾಕ್ಟರುಗಳೂ ನಿಜ. ಹೆಸರು ಹೇಳಿದ ಕೂಡಲೇ ಬರುವ ಪ್ರಶ್ನೆಯೂ ಒಂದೇ: “ಅದಕ್ಕೆ ಸ್ಕೈ ಹಾಕಿಸಬೇಕಾ?”

ಬೇಡ. ತಿಂಗಳ ಚಂದಾ ಕಟ್ಟಿ ಡಿಶ್‌ನಲ್ಲಿ ನೋಡುವ ಸ್ಕೈಯೂ ಬೇಡ, ವರ್ಜಿನ್ ಮೀಡಿಯಾದ ಕೇಬಲ್ಲೂ ಬೇಡ. ಚಾನೆಲ್ 4 ಶುರುವಾದ 1982ರಿಂದಲೂ ಇಲ್ಲಿ ಎಲ್ಲರಿಗೂ ಉಚಿತ. ಅದರ ಒಡೆತನ ಸರ್ಕಾರದ್ದು, ಖರ್ಚು ಹುಟ್ಟುವುದು ಜಾಹೀರಾತಿನಿಂದ. ತಿಂಗಳು ತಿಂಗಳು ಪ್ಯಾಕೇಜಿಗೆ ದುಡ್ಡು ಕಟ್ಟಿ ಇದೇ ಕಾರ್ಯಕ್ರಮ ನೋಡುತ್ತಿರುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆದರೆ ಉಚಿತ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನೋಡುವ ಹಾಗೂ ಇಲ್ಲ. ಟಿವಿ ಲೈಸೆನ್ಸ್ ಎಂಬ ಒಂದು ಕಾನೂನು ಇದೆ. ಅದನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೆಜ್ಜೆ 1: ನಿಮಗೆ ಟಿವಿ ಲೈಸೆನ್ಸ್ ಬೇಕೋ ಬೇಡವೋ ತೀರ್ಮಾನಿಸಿ

ಭಾರತದಲ್ಲಿ ರೇಡಿಯೊ, ಟಿವಿ ಲೈಸೆನ್ಸ್ ರದ್ದಾಗಿ ದಶಕಗಳೇ ಕಳೆದವು. ಹಾಗಾಗಿ ನಮ್ಮವರಿಗೆ ಇದು ತಲೆಗೆ ಹೋಗುವುದು ಸ್ವಲ್ಪ ತಡ. ಬ್ರಿಟನ್ನಿನಲ್ಲಿ ಇದು ಇನ್ನೂ ಜಾರಿಯಲ್ಲಿದೆ, ಅದರ ಹಣ ಮುಖ್ಯವಾಗಿ ಬಿಬಿಸಿಗೆ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ವರ್ಷದ ಶುಲ್ಕ 174.50 ಪೌಂಡ್‌ಗೆ ಏರಿತು. ಶುಲ್ಕ ಬದಲಾಗುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ, ಕಟ್ಟುವ ಮುಂಚೆ ಟಿವಿ ಲೈಸೆನ್ಸಿಂಗ್‌ನ ಜಾಲತಾಣದಲ್ಲಿ ಆ ವರ್ಷದ ಮೊತ್ತ ನೋಡಿಕೊಳ್ಳಿ.

ನಿಯಮದ ತಿರುಳು ಇಷ್ಟು. ಯಾವುದೇ ಚಾನೆಲ್ಲನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡಿದರೆ, ಇಲ್ಲವೇ ರೆಕಾರ್ಡ್ ಮಾಡಿದರೆ ಲೈಸೆನ್ಸ್ ಬೇಕು. ಟಿವಿಯಲ್ಲೇ ಆಗಲಿ, ಮೊಬೈಲ್, ಲ್ಯಾಪ್‌ಟಾಪ್‌ನಲ್ಲೇ ಆಗಲಿ, ವ್ಯತ್ಯಾಸವಿಲ್ಲ. ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರ್ ಆದರೆ ನೇರಪ್ರಸಾರವಿರಲಿ, ಹಳೆಯ ಸಂಚಿಕೆಯಿರಲಿ, ಹೇಗೆ ನೋಡಿದರೂ ಬೇಕು. 2016ರ ಸೆಪ್ಟೆಂಬರ್‌ನಿಂದ ಈ ನಿಯಮ ಬಂದಿದೆ. ಇವೆರಡನ್ನು ಬಿಟ್ಟು, ಚಾನೆಲ್ 4, ಐಟಿವಿಎಕ್ಸ್, ನೆಟ್‌ಫ್ಲಿಕ್ಸ್ ಮುಂತಾದ ಆಪ್‌ಗಳಲ್ಲಿ ಈಗಾಗಲೇ ಪ್ರಸಾರವಾಗಿ ಮುಗಿದ ಸಂಚಿಕೆಯನ್ನು ನಿಮಗೆ ಬೇಕಾದಾಗ ತೆರೆದು ನೋಡಿದರೆ ಲೈಸೆನ್ಸ್ ಬೇಡ.

ಈಗ ನಮ್ಮ ಕಾರ್ಯಕ್ರಮಕ್ಕೆ ಇದನ್ನು ಹಚ್ಚಿ ನೋಡಿ. ಚಾನೆಲ್ 4ರಲ್ಲಿ ಸಂಚಿಕೆ ಬರುತ್ತಿರುವಾಗಲೇ ಸೋಫಾದ ಮೇಲೆ ಕೂತು ನೋಡುತ್ತೀರಾ? ಲೈಸೆನ್ಸ್ ಬೇಕು. ಒಂದು ಗಂಟೆ ತಡವಾಗಿ ಅದನ್ನೇ ತೋರಿಸುವ ಚಾನೆಲ್ 4+1ರಲ್ಲಿ ನೋಡಿದರೂ ಬೇಕು, ಏಕೆಂದರೆ ಅದೂ ಪ್ರಸಾರವೇ. ಮಾರನೆಯ ದಿನ ಆಪ್‌ನಲ್ಲಿ ಅದೇ ಸಂಚಿಕೆ ತೆರೆದರೆ ಬೇಡ. ಹಳೆಯ ಸರಣಿಗಳನ್ನು ಸಾಲಾಗಿ ನೋಡಬೇಕು ಅಂದುಕೊಂಡವರಿಗೆ ಈ ಕೊನೆಯ ದಾರಿಯೇ ಸಾಕು, ಖರ್ಚು ಸೊನ್ನೆ.

ನಮ್ಮವರು ಎಡವುವ ಜಾಗ ಇಲ್ಲೊಂದಿದೆ. “ನಾವು ಬ್ರಿಟಿಷ್ ಚಾನೆಲ್ ನೋಡುವುದೇ ಇಲ್ಲ, ಬರೀ ಕನ್ನಡ ನ್ಯೂಸ್” ಎನ್ನುವ ಮನೆಗಳಿವೆ. ಆದರೆ ಕನ್ನಡ ಸುದ್ದಿ ವಾಹಿನಿಯ ನೇರಪ್ರಸಾರವನ್ನು ಯೂಟ್ಯೂಬ್‌ನಲ್ಲಿ ನೋಡಿದರೂ ಕಾನೂನಿನ ಪ್ರಕಾರ ಅದು ಟಿವಿ ಪ್ರಸಾರವೇ. ಚಾನೆಲ್ ಯಾವ ದೇಶದ್ದು ಎಂಬುದು ಲೆಕ್ಕಕ್ಕಿಲ್ಲ. ಕ್ರಿಕೆಟ್ ಪಂದ್ಯದ ಲೈವ್ ಕೂಡ ಹಾಗೆಯೇ. ಅಮ್ಮ ಬೆಳಿಗ್ಗೆ ಕಾಫಿ ಜೊತೆಗೆ ಬೆಂಗಳೂರಿನ ಸುದ್ದಿ ಹಾಕುವ ಮನೆಯಾದರೆ ಲೈಸೆನ್ಸ್ ಮಾಡಿಸಿಬಿಡಿ. ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೆ ದಂಡ, ಮೇಲೆ ಕೋರ್ಟ್ ಖರ್ಚು.

ಲೈಸೆನ್ಸ್ ವಿಳಾಸಕ್ಕೆ ಒಂದು. ಮನೆಯಲ್ಲಿ ಎಷ್ಟು ಟಿವಿ, ಎಷ್ಟು ಜನ ಎಂಬುದರ ಮೇಲಲ್ಲ. ಊರಿಂದ ಬಂದ ಅಪ್ಪ-ಅಮ್ಮನಿಗೆ ಬೇರೆ ಬೇಡ. ಆದರೆ ಆಸ್ಪತ್ರೆ ಹತ್ತಿರದ ದೊಡ್ಡ ಮನೆಯಲ್ಲಿ ಒಂದೊಂದು ಕೋಣೆ ಬಾಡಿಗೆ ಹಿಡಿದು ಇರುವ ನರ್ಸುಗಳು ಗಮನಿಸಬೇಕು. ಎಲ್ಲರೂ ಸೇರಿ ಒಂದೇ ಬಾಡಿಗೆ ಕರಾರಿಗೆ ಸಹಿ ಹಾಕಿದ್ದರೆ ಒಂದು ಲೈಸೆನ್ಸ್ ಸಾಕು. ಪ್ರತಿಯೊಬ್ಬರದೂ ಪ್ರತ್ಯೇಕ ಕರಾರಾದರೆ, ಕೋಣೆಯಲ್ಲಿ ಲೈವ್ ನೋಡುವವರು ತಮ್ಮದೇ ಲೈಸೆನ್ಸ್ ತೆಗೆದುಕೊಳ್ಳಬೇಕಾಗಿ ಬರಬಹುದು.

ನಿಮಗೆ ಬೇಡ ಎಂದು ಖಚಿತವಾದರೆ ಜಾಲತಾಣದಲ್ಲಿ ‘ಲೈಸೆನ್ಸ್ ಅಗತ್ಯವಿಲ್ಲ’ ಎಂದು ಘೋಷಣೆ ಕೊಡುವ ಸೌಲಭ್ಯವಿದೆ, ಕೊಟ್ಟುಬಿಡಿ. ಇಲ್ಲದಿದ್ದರೆ ಮನೆಗೆ ಕಾಗದಗಳು ಬರುತ್ತಲೇ ಇರುತ್ತವೆ. ಪರಿಶೀಲನೆಗೆ ಯಾರಾದರೂ ಬಾಗಿಲಿಗೆ ಬಂದರೂ ಗಾಬರಿ ಬೇಡ. ನಿಮ್ಮ ಒಪ್ಪಿಗೆ ಅಥವಾ ಕೋರ್ಟ್ ವಾರಂಟ್ ಇಲ್ಲದೆ ಅವರು ಒಳಗೆ ಬರುವಂತಿಲ್ಲ. ಇನ್ನೊಂದು ಎಚ್ಚರಿಕೆ: “ನಿಮ್ಮ ಡೈರೆಕ್ಟ್ ಡೆಬಿಟ್ ವಿಫಲವಾಗಿದೆ, ಈ ಲಿಂಕ್ ಒತ್ತಿ” ಎಂಬ ಇಮೇಲ್‌ಗಳು ಟಿವಿ ಲೈಸೆನ್ಸಿಂಗ್ ಹೆಸರಿನಲ್ಲಿ ಬರುತ್ತವೆ. ಬಹುಪಾಲು ಮೋಸದವು. ಲಿಂಕ್ ಮುಟ್ಟದೆ, ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ ನೋಡಿ.

ಹೆಜ್ಜೆ 2: ಚಾನೆಲ್ 4 ಆಪ್ ಹಾಕಿಕೊಳ್ಳಿ

ಹೆಚ್ಚಿನವರಿಗೆ ನಾನು ಹೇಳುವುದು ಇದೇ ದಾರಿ. ಹಿಂದೆ 4ಒಡಿ, ಆಮೇಲೆ ಆಲ್ 4 ಎಂದಿದ್ದ ಸೇವೆಗೆ ಈಗ ಚಾನೆಲ್ 4 ಎಂದಷ್ಟೇ ಹೆಸರು. ಹಳೆಯ ಲೇಖನಗಳಲ್ಲಿ ಆಲ್ 4 ಎಂದು ಓದಿ ಅದನ್ನೇ ಹುಡುಕುತ್ತಾ ಕೂರಬೇಡಿ.

ಮೊದಲು ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಖಾತೆ ತೆರೆಯಿರಿ. ಟಿವಿಯ ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಒತ್ತುವುದಕ್ಕಿಂತ ಇದು ಎಷ್ಟೋ ಸಲೀಸು. ಇಮೇಲ್, ಹುಟ್ಟಿದ ದಿನಾಂಕದಂಥ ಸಾಮಾನ್ಯ ವಿವರ ಕೇಳುತ್ತದೆ. ಉಚಿತ ಖಾತೆಗೆ ಬ್ಯಾಂಕ್ ಕಾರ್ಡ್ ಬೇಕಿಲ್ಲ. ಎಲ್ಲಾದರೂ ಕಾರ್ಡ್ ನಂಬರ್ ಕೇಳಿದರೆ ನೀವು ಜಾಹೀರಾತಿಲ್ಲದ, ಹಣ ಕಟ್ಟುವ ಯೋಜನೆಯ ಪುಟಕ್ಕೆ ಹೋಗಿದ್ದೀರಿ ಎಂದರ್ಥ, ಹಿಂದಕ್ಕೆ ಬನ್ನಿ.

ನಂತರ ಟಿವಿಗೆ ಬನ್ನಿ. ಈಚಿನ ಸ್ಮಾರ್ಟ್ ಟಿವಿಯಾದರೆ ಆಪ್ ಅಂಗಡಿಯಲ್ಲಿ ಚಾನೆಲ್ 4 ಸಿಗುತ್ತದೆ. ಟಿವಿ ಹಳೆಯದಾದರೆ ಅದನ್ನು ಬದಲಿಸುವ ಅಗತ್ಯವಿಲ್ಲ. ಹಿಂಬದಿಯಲ್ಲಿ ಎಚ್‌ಡಿಎಂಐ ತೂತು ಇದ್ದರೆ ಒಂದು ಫೈರ್ ಟಿವಿ ಸ್ಟಿಕ್ ಅಥವಾ ರೋಕು ಸಿಕ್ಕಿಸಿದರೆ ಮುಗಿಯಿತು. ಅದು ಒಂದೇ ಸಲದ ಖರ್ಚು. ಆಪ್ ತೆರೆದಾಗ ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಕೋಡ್ ಬರುತ್ತದೆ. ಅದನ್ನು ಫೋನಿನಲ್ಲಿ, ನಿಮ್ಮ ಖಾತೆಯೊಳಗೆ ಹಾಕಿದರೆ ಟಿವಿ ತಾನೇ ಲಾಗಿನ್ ಆಗುತ್ತದೆ.

ಹುಡುಕುವಾಗ ‘24 ಅವರ್ಸ್’ ಎಂದು ಮೊದಲ ಎರಡು ಪದ ಹಾಕಿದರೆ ಸಾಕು. ಸರಣಿಯ ಪುಟದಲ್ಲಿ ಸಂಚಿಕೆಗಳು ಸಾಲಾಗಿರುತ್ತವೆ. ಎಲ್ಲ ಹಳೆಯ ಸಂಚಿಕೆಗಳೂ ಎಲ್ಲ ಕಾಲದಲ್ಲೂ ಇರುವುದಿಲ್ಲ, ಕೆಲವು ಹೋಗಿ ಕೆಲವು ಬರುತ್ತವೆ. ಸಂಚಿಕೆಯ ಕೆಳಗೆ ಎಷ್ಟು ದಿನ ಉಳಿದಿದೆ ಎಂದು ತೋರಿಸಿದರೆ ಅದನ್ನು ಮೊದಲು ನೋಡಿ ಮುಗಿಸಿ. ಪ್ರತಿ ಸಂಚಿಕೆಯೂ ಅದರಷ್ಟಕ್ಕೆ ಪೂರ್ಣವಾದ್ದರಿಂದ ಎಲ್ಲಿಂದ ಶುರು ಮಾಡಿದರೂ ತೊಂದರೆಯಿಲ್ಲ.

ಸಬ್‌ಟೈಟಲ್ ಹಾಕಿಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ದಕ್ಷಿಣ ಲಂಡನ್ನಿನ ಮುದುಕರೊಬ್ಬರು ನೋವಿನಲ್ಲಿ ಅರ್ಧ ನುಂಗಿಕೊಂಡು ಆಡುವ ಮಾತು ಊರಿಂದ ಬಂದವರ ಕಿವಿಗೆ ಮೊದಮೊದಲು ಸಿಗುವುದೇ ಇಲ್ಲ. ಇಲ್ಲಿನ ವಾರ್ಡಿನಲ್ಲಿ ಕೆಲಸಕ್ಕೆ ಸೇರಲಿರುವ ನರ್ಸಿಗೆ ಕಿವಿ ಪಳಗಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ: ಮೊದಲ ಸಲ ಅಕ್ಷರದೊಂದಿಗೆ ನೋಡಿ, ಅದೇ ಭಾಗವನ್ನು ಇನ್ನೊಮ್ಮೆ ಅಕ್ಷರ ತೆಗೆದು ಕೇಳಿ. ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷಿನದು ಮಾತ್ರ.

ಮಕ್ಕಳಿರುವ ಮನೆಯಾದರೆ ಸೆಟ್ಟಿಂಗ್ಸ್‌ನಲ್ಲಿ ಪಿನ್ ಇಡಿ. ರಕ್ತ, ಮುರಿದ ಮೂಳೆ, ಕೆಲವೊಮ್ಮೆ ಸಾವು ಕೂಡ ತೆರೆಯ ಮೇಲೆ ಬರುತ್ತದೆ. ಸಂಚಿಕೆಯ ಆರಂಭದಲ್ಲಿ ಎಚ್ಚರಿಕೆ ಕೊಟ್ಟರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬ್ರಾಡ್‌ಬ್ಯಾಂಡ್ ಇನ್ನೂ ಬಂದಿಲ್ಲ, ಮೊಬೈಲ್ ಡೇಟಾದಲ್ಲೇ ನೋಡುತ್ತೇನೆ ಎನ್ನುವವರು ಡೇಟಾ ಮಿತಿಯ ಮೇಲೆ ಕಣ್ಣಿಡಿ. ಒಳ್ಳೆಯ ಗುಣಮಟ್ಟದಲ್ಲಿ ಒಂದು ಗಂಟೆಯ ಸಂಚಿಕೆ ಒಂದು ಜಿಬಿಯನ್ನೂ ದಾಟಿ ನುಂಗಬಲ್ಲದು.

ಹೆಜ್ಜೆ 3: ಇಂಟರ್ನೆಟ್ ಬೇಡ ಎನ್ನುವವರಿಗೆ ಏರಿಯಲ್

ಲೈಸೆನ್ಸ್ ಇದ್ದವರಿಗೆ ಇದೇ ಅತ್ಯಂತ ಸರಳ. 2012ರಲ್ಲಿ ಬ್ರಿಟನ್ನಿನ ಹಳೆಯ ಅನಲಾಗ್ ಪ್ರಸಾರ ಪೂರ್ತಿ ನಿಂತು ಎಲ್ಲವೂ ಡಿಜಿಟಲ್ ಆಯಿತು. ಏರಿಯಲ್ (ಆಂಟೆನಾ) ಮೂಲಕ ಬರುವ ಉಚಿತ ಡಿಜಿಟಲ್ ಸೇವೆಯ ಹೆಸರು ಫ್ರೀವ್ಯೂ. ಇವತ್ತು ಅಂಗಡಿಯಲ್ಲಿ ಸಿಗುವ ಟಿವಿಗಳಲ್ಲಿ ಅದನ್ನು ಹಿಡಿಯುವ ಟ್ಯೂನರ್ ಸಾಮಾನ್ಯವಾಗಿ ಒಳಗೇ ಇರುತ್ತದೆ.

ಹಾಲ್‌ನ ಗೋಡೆಯಲ್ಲಿ, ನೆಲಕ್ಕೆ ಹತ್ತಿರ, ದುಂಡನೆಯ ಏರಿಯಲ್ ಸಾಕೆಟ್ ಇದೆಯೇ ಎಂದು ಹುಡುಕಿ. ಇದ್ದರೆ ಅಲ್ಲಿಂದ ಟಿವಿಗೆ ಒಂದು ಏರಿಯಲ್ ಕೇಬಲ್ ಎಳೆದು, ಮೆನುವಿನಲ್ಲಿ ಆಟೋ ಟ್ಯೂನ್ ಕೊಡಿ. ಕೆಲವು ನಿಮಿಷದಲ್ಲಿ ಚಾನೆಲ್‌ಗಳ ಪಟ್ಟಿ ಬಂದುಬಿಡುತ್ತದೆ. ಚಾನೆಲ್ 4 ಇರುವುದು ಸಂಖ್ಯೆ 4ರಲ್ಲಿ. ಕಾರ್ಡಿಫ್, ಸ್ವಾನ್‌ಸಿ ಕಡೆಯವರಿಗೆ ಮಾತ್ರ ಬೇರೆ: ವೇಲ್ಸ್‌ನಲ್ಲಿ 4 ಒತ್ತಿದರೆ ವೆಲ್ಷ್ ಭಾಷೆಯ ಎಸ್‌ಫೋರ್‌ಸಿ ಬರುತ್ತದೆ, ಚಾನೆಲ್ 4ಕ್ಕೆ 8 ಒತ್ತಬೇಕು. ಸೋದರ ಚಾನೆಲ್ ಮೋರ್4 ಅನ್ನೂ ಗುರುತು ಹಾಕಿಕೊಳ್ಳಿ, ಈ ಕಾರ್ಯಕ್ರಮದ ಹಳೆಯ ಸಂಚಿಕೆಗಳು ಅಲ್ಲಿ ಮರುಪ್ರಸಾರವಾಗುತ್ತಿರುತ್ತವೆ.

ಚಿತ್ರ ಒಡೆದೊಡೆದು ಬಂದರೆ ಮೊದಲು ಕೇಬಲ್ ಬದಲಿಸಿ ನೋಡಿ, ಬಹಳ ಸಲ ಅಲ್ಲೇ ದೋಷ. ಛಾವಣಿಯ ಏರಿಯಲ್ ಇಲ್ಲದ ಮನೆಯಲ್ಲಿ ಒಳಾಂಗಣ ಏರಿಯಲ್ ಕೆಲಸ ಮಾಡೀತು. ಅದನ್ನು ಟಿವಿಯ ಹಿಂದೆ ಬಚ್ಚಿಡದೆ ಕಿಟಕಿಯ ಬಳಿ, ಎತ್ತರದಲ್ಲಿ ಇಡಬೇಕು. ಫ್ರೀವ್ಯೂ ಜಾಲತಾಣದಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಯಾವ ಚಾನೆಲ್‌ಗಳು ಸಿಗುತ್ತವೆ ಎಂದು ತೋರಿಸುತ್ತದೆ. ಏರಿಯಲ್ ಕೊಳ್ಳುವ ಮುಂಚೆ ಅದನ್ನು ನೋಡಿ. ಬಾಡಿಗೆ ಮನೆಯ ಗೋಡೆ ಕೊರೆದು ಹೊಸ ಏರಿಯಲ್ ಹಾಕಿಸುವುದಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಗೋಡೆಯ ಮೇಲೆ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಸ್ಕೈ ಡಿಶ್ ಇದ್ದರೆ ಅದು ವ್ಯರ್ಥವಲ್ಲ. ಡಿಶ್ ಮೂಲಕ ಬರುವ ಉಚಿತ ಸೇವೆಯಾದ ಫ್ರೀಸ್ಯಾಟ್‌ನ ಬಾಕ್ಸ್ ತಂದು ಅದೇ ಡಿಶ್ಶಿನ ಕೇಬಲ್ ಸಿಕ್ಕಿಸಿದರೆ ಚಾನೆಲ್ 4 ಬರುತ್ತದೆ, ತಿಂಗಳ ಚಂದಾ ಇಲ್ಲ. ಆದರೆ ಆ ಡಿಶ್ ಸ್ಕೈನ ಈಚಿನ ಬಾಕ್ಸ್ ಆದ ಸ್ಕೈ ಕ್ಯೂಗೆ ಹಾಕಿದ್ದಾದರೆ ಅದರ ಮೂತಿಯಲ್ಲಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬೇರೆ ಬಗೆಯದು. ಹಳೆಯ ಫ್ರೀಸ್ಯಾಟ್ ಬಾಕ್ಸ್‌ಗಳು ಅದರೊಂದಿಗೆ ಹೊಂದುವುದಿಲ್ಲ, ಅಂಗಡಿಯಲ್ಲಿ ಇದನ್ನು ಹೇಳಿಯೇ ಕೊಳ್ಳಿ.

ಏರಿಯಲ್ಲೂ ಇಲ್ಲ, ಡಿಶ್ಶೂ ಇಲ್ಲ, ಬ್ರಾಡ್‌ಬ್ಯಾಂಡ್ ಮಾತ್ರ ಇದೆ, ಆದರೂ ಚಾನೆಲ್ ಬದಲಿಸುತ್ತಾ ನೋಡುವ ಅಭ್ಯಾಸ ಬೇಕು ಎನ್ನುವವರಿಗೆ ಫ್ರೀಲಿ ಇದೆ. ಬಿಬಿಸಿ, ಐಟಿವಿ, ಚಾನೆಲ್ 4, ಚಾನೆಲ್ 5 ಸೇರಿ 2024ರ ಏಪ್ರಿಲ್‌ನಲ್ಲಿ ತಂದ ಸೇವೆ. ನೇರಪ್ರಸಾರವನ್ನು ಇಂಟರ್ನೆಟ್ ಮೂಲಕ ಕೊಡುತ್ತದೆ. ಹೊಸ ಟಿವಿ ಹೇಗಿದ್ದರೂ ಕೊಳ್ಳುವುದಿದ್ದರೆ ಫ್ರೀಲಿ ಇರುವ ಮಾದರಿ ನೋಡಿ. ಇದಕ್ಕಾಗಿಯೇ ಟಿವಿ ಬದಲಿಸುವುದು ದಂಡ.

ಹೆಜ್ಜೆ 4: ಈಗಿರುವ ಚಂದಾ ಕೈಬಿಡುವುದು

ಆತುರ ಬೇಡ. ಸ್ಕೈ, ವರ್ಜಿನ್‌ನಂಥ ಕಂಪನಿಗಳ ಕರಾರಿಗೆ ಕನಿಷ್ಠ ಅವಧಿ ಇರುತ್ತದೆ, ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ಹಣ ಕೇಳುತ್ತಾರೆ. ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ 2020ರ ನಿಯಮದಂತೆ, ಅವಧಿ ಮುಗಿಯುವುದಕ್ಕೆ 10ರಿಂದ 40 ದಿನ ಮುಂಚೆ ಕಂಪನಿ ನಿಮಗೆ ತಿಳಿಸಲೇಬೇಕು. ಆ ಸಂದೇಶ ಬಂದ ದಿನವೇ ಫೋನ್ ಮಾಡಿ. ಟಿವಿ ಮತ್ತು ಬ್ರಾಡ್‌ಬ್ಯಾಂಡ್ ಒಂದೇ ಕಟ್ಟಿನಲ್ಲಿದ್ದರೆ “ಬ್ರಾಡ್‌ಬ್ಯಾಂಡ್ ಇರಲಿ, ಟಿವಿ ತೆಗೆಯಿರಿ” ಎಂದು ಸ್ಪಷ್ಟವಾಗಿ ಹೇಳಿ. ತೆಗೆದ ಮೇಲೆ ಬಿಲ್ ಎಷ್ಟಾಗುತ್ತದೆ ಎಂಬುದನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಕೆಲವೊಮ್ಮೆ ಬರೀ ಬ್ರಾಡ್‌ಬ್ಯಾಂಡ್‌ನ ದರ ಕೇಳಿದರೆ ಉಳಿತಾಯ ಅಂದುಕೊಂಡಷ್ಟಿರುವುದಿಲ್ಲ. ಆಗ ಬೇರೆ ಕಂಪನಿಯ ದರ ಹೇಳಿ ಚೌಕಾಸಿ ಮಾಡಿ. ನಾವು ಸಂತೆಯಲ್ಲಿ ಮಾಡುವುದನ್ನೇ ಇಲ್ಲಿ ಮಾಡಲು ಸಂಕೋಚಪಡುತ್ತೇವೆ, ಪಡಬೇಕಿಲ್ಲ.

ಇದೇ ಹೊತ್ತಿಗೆ ಪರಿಚಯದವರು ಯಾರೋ “ಒಂದು ಬಾಕ್ಸ್ ತಗೊಳ್ಳಿ, ಪ್ರಪಂಚದ ಎಲ್ಲಾ ಚಾನೆಲ್ ಬರುತ್ತೆ” ಎಂದು ಬರುತ್ತಾರೆ. ಹಣ ಕಟ್ಟಿ ನೋಡಬೇಕಾದ ಚಾನೆಲ್‌ಗಳನ್ನು ಕದ್ದು ಕೊಡುವ ಇಂಥ ಬಾಕ್ಸ್‌ಗಳು ಕಾನೂನುಬಾಹಿರ. ಅದರಲ್ಲಿ ಯಾರ ಸಾಫ್ಟ್‌ವೇರ್ ಇದೆ, ನಿಮ್ಮ ವೈಫೈಯಲ್ಲಿ ಅದು ಏನು ಮಾಡುತ್ತಿದೆ ಎಂಬುದೂ ತಿಳಿಯದು. ಉಚಿತವಾಗಿಯೇ ಸಿಗುವ ಕಾರ್ಯಕ್ರಮಕ್ಕೆ ಈ ಅಪಾಯ ಯಾಕೆ? ವೀಸಾದ ಮೇಲೆ ಇರುವವರಂತೂ ಇದರ ಹತ್ತಿರ ಸುಳಿಯಬಾರದು.

ಊರಿಂದ ನೋಡಬಹುದೇ?

ಚಾನೆಲ್ 4 ಆಪ್ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತವರಿಗೆ ಸಂಚಿಕೆ ತೋರಿಸುವುದಿಲ್ಲ, ಪ್ರಸಾರದ ಹಕ್ಕು ಆ ದೇಶಕ್ಕೆ ಸೀಮಿತ. ವಿಪಿಎನ್ ಹಾಕಿ ನೋಡುವುದು ಅವರ ಷರತ್ತುಗಳಿಗೆ ವಿರುದ್ಧ, ನಾನು ಅದನ್ನು ಹೇಳಿಕೊಡುವುದಿಲ್ಲ. ಬ್ರಿಟನ್ನಿಗೆ ಹೊರಡುವ ತಯಾರಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಯೂಟ್ಯೂಬ್‌ನಲ್ಲಿ ಚಾನೆಲ್ 4ರ ಅಧಿಕೃತ ಖಾತೆಗಳನ್ನು ನೋಡಲಿ. ಅಲ್ಲಿ ಇಂಥ ಸಾಕ್ಷ್ಯಚಿತ್ರಗಳ ತುಣುಕುಗಳು ಸಿಗುತ್ತವೆ. ಯಾರೋ ಕದ್ದು ಹಾಕಿದ, ಅಂಚು ಕತ್ತರಿಸಿದ ಸಂಚಿಕೆಗಳ ಗೊಡವೆ ಬೇಡ.

ಹೆಜ್ಜೆ 5: ನೋಡುವಾಗ ಏನನ್ನು ಗಮನಿಸಬೇಕು

ಇಷ್ಟೆಲ್ಲ ಮಾಡಿ ನೋಡುವುದು ಯಾಕೆ ಎಂದು ಕೇಳಿದರೆ, ನನ್ನ ಉತ್ತರ ಈ ಭಾಗದಲ್ಲಿದೆ.

ಸರಣಿ ಶುರುವಾದದ್ದು 2011ರ ಮೇ ತಿಂಗಳಲ್ಲಿ, ದಕ್ಷಿಣ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ. 2014ರಲ್ಲಿ ಟೂಟಿಂಗ್‌ನ ಸೇಂಟ್ ಜಾರ್ಜಸ್‌ಗೆ ಹೋಯಿತು, ಆಮೇಲೆ ನಾಟಿಂಗ್‌ಹ್ಯಾಮ್‌ನ ಕ್ವೀನ್ಸ್ ಮೆಡಿಕಲ್ ಸೆಂಟರ್‌ಗೆ. ಮೂರೂ ದೊಡ್ಡ ಅಪಘಾತಗಳ ಗಾಯಾಳುಗಳನ್ನು ತರುವ ಟ್ರಾಮಾ ಕೇಂದ್ರಗಳು. ಮೊದಲ ಸರಣಿಗೆ 70 ಕ್ಯಾಮೆರಾಗಳನ್ನು ಗೋಡೆ, ಛಾವಣಿಗಳಿಗೆ ಬಿಗಿದು, 28 ದಿನ ಹಗಲು ರಾತ್ರಿ ಚಿತ್ರೀಕರಿಸಿದರು. ಕ್ಯಾಮೆರಾ ಹಿಡಿದವರು ಹಾಸಿಗೆಯ ಪಕ್ಕ ನಿಂತಿರುವುದಿಲ್ಲ, ದೂರದ ಕೋಣೆಯಿಂದ ನಿಯಂತ್ರಿಸುತ್ತಾರೆ. ಅದಕ್ಕೇ ಜನ ಕ್ಯಾಮೆರಾ ಮರೆತು ಮಾತಾಡುತ್ತಾರೆ. ಒಪ್ಪಿಗೆ ಕೊಟ್ಟ ರೋಗಿಗಳ ಕಥೆ ಮಾತ್ರ ತೆರೆಗೆ ಬರುತ್ತದೆ.

ಕೆಂಪು ಫೋನ್ ಬಡಿದುಕೊಂಡಾಗ ಗಮನಿಸಿ. ದಾರಿಯಲ್ಲಿರುವ ಆಂಬ್ಯುಲೆನ್ಸ್ ಬಗ್ಗೆ ಬರುವ ಕರೆ ಅದು. ಎತ್ತಿಕೊಂಡವರು ವಯಸ್ಸು, ಏನಾಯಿತು, ಎಲ್ಲಿ ಪೆಟ್ಟು, ರಕ್ತದೊತ್ತಡ ಎಷ್ಟು, ಎಷ್ಟು ನಿಮಿಷದಲ್ಲಿ ಬರುತ್ತಾರೆ ಎಂದು ಬರೆದುಕೊಳ್ಳುತ್ತಾರೆ. ರೋಗಿ ಬರುವ ಮೊದಲೇ ತಂಡ ರಿಸಸ್ ಕೋಣೆಯಲ್ಲಿ (ಜೀವಾಪಾಯದಲ್ಲಿರುವವರಿಗೆ ಚಿಕಿತ್ಸೆ ಕೊಡುವ ಜಾಗ) ಸೇರಿ, ಉಸಿರಾಟ ಯಾರು ನೋಡಿಕೊಳ್ಳುತ್ತಾರೆ, ಬರೆದುಕೊಳ್ಳುವವರು ಯಾರು ಎಂದು ಹಂಚಿಕೊಂಡಿರುತ್ತದೆ. ಸ್ಟ್ರೆಚರ್ ಒಳಗೆ ಬಂದಾಗ ಪ್ಯಾರಾಮೆಡಿಕ್ ಮಾತಾಡಿ ಮುಗಿಸುವವರೆಗೆ ಉಳಿದವರು ಬಾಯಿ ತೆರೆಯುವುದಿಲ್ಲ. ಆಮೇಲೆ ಒಮ್ಮೆಗೇ ಕೈಗಳೆಲ್ಲ ಚಲಿಸುತ್ತವೆ: ಒಬ್ಬರು ದಪ್ಪ ಕತ್ತರಿಯಿಂದ ಬಟ್ಟೆ ಸೀಳುತ್ತಾರೆ, ಒಬ್ಬರು ಕುತ್ತಿಗೆ ಹಿಡಿದಿರುತ್ತಾರೆ, ಇನ್ನೊಬ್ಬರು ರೋಗಿಯ ಮುಖದ ಹತ್ತಿರ ಬಾಗಿ ಹೆಸರು ಹಿಡಿದು ಮಾತಾಡಿಸುತ್ತಿರುತ್ತಾರೆ. ಆ ಮಾತಾಡಿಸುವ ಕೆಲಸಕ್ಕೂ ಅಲ್ಲಿ ಒಬ್ಬರು ಮೀಸಲು ಎಂಬುದೇ ನನಗೆ ಈ ಕಾರ್ಯಕ್ರಮದಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ಹೊಸಬರಿಗೆ ಇದರಿಂದ ವ್ಯವಸ್ಥೆಯೂ ತಿಳಿಯುತ್ತದೆ. ಮೊದಲು ಬಂದವರನ್ನು ಮೊದಲು ನೋಡುವುದಿಲ್ಲ. ಟ್ರಯಾಜ್ ನರ್ಸ್ ಯಾರ ಸ್ಥಿತಿ ಗಂಭೀರವೋ ಅವರನ್ನು ಮುಂದೆ ಕಳಿಸುತ್ತಾರೆ. ಬೆರಳು ಕೊಯ್ದುಕೊಂಡವರು ಗಂಟೆಗಟ್ಟಲೆ ಕಾಯುವುದು, ಎದೆನೋವಿನವರು ನೇರ ಒಳಗೆ ಹೋಗುವುದು ಯಾಕೆ ಎಂದು ಅಪ್ಪ-ಅಮ್ಮನಿಗೆ ಬಾಯಲ್ಲಿ ವಿವರಿಸುವ ಬದಲು ಎರಡು ಸಂಚಿಕೆ ತೋರಿಸಿ. ಪ್ರಾಣಾಪಾಯಕ್ಕೆ 999, ತುರ್ತಲ್ಲದ ಸಲಹೆಗೆ 111 ಎಂಬ ಎರಡು ನಂಬರ್‌ಗಳನ್ನು ಅವರ ಫೋನಿನಲ್ಲಿ ಉಳಿಸಿಕೊಡಿ. ಇಂಗ್ಲೆಂಡಿನಲ್ಲಿ ಎ ಅಂಡ್ ಇ ಒಳಗಿನ ಚಿಕಿತ್ಸೆ ಪ್ರವಾಸಿ ವೀಸಾದವರಿಗೂ ಉಚಿತ. ಆದರೆ ಅಲ್ಲಿಂದ ವಾರ್ಡಿಗೆ ದಾಖಲಾದ ಮೇಲೆ ಅವರಿಗೆ ಬಿಲ್ ಬರುತ್ತದೆ, ಹಾಗಾಗಿ ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಅವರನ್ನು ವಿಮಾನ ಹತ್ತಿಸಬೇಡಿ.

ಇದನ್ನು ಮುಗಿಸಿದವರು ಬಿಬಿಸಿಯ ‘ಆಂಬ್ಯುಲೆನ್ಸ್’, ‘ಸರ್ಜನ್ಸ್: ಅಟ್ ದಿ ಎಡ್ಜ್ ಆಫ್ ಲೈಫ್’ ಕಡೆ ಹೋಗಬಹುದು. ಅವು ಇರುವುದು ಐಪ್ಲೇಯರ್‌ನಲ್ಲಿ, ಆದ್ದರಿಂದ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದವರು ಚಾನೆಲ್ 4 ಆಪ್‌ನಲ್ಲೇ ‘999: ವಾಟ್ಸ್ ಯುವರ್ ಎಮರ್ಜೆನ್ಸಿ?’ ಹುಡುಕಿ ನೋಡಿ.